ದಿನದಿನವೂ ಕಟ್ಟಬೇಕಾದ ನೆಲ

(ಬಳಗದ ವಾರ್ಷಿಕ ಪರಿಸರ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಕಾನು, ಸೊಪ್ಪಿನಬೆಟ್ಟ, ಹೊಳೆ, ಹಳ್ಳಗಳ ವಿಚಾರ ಮಾತನಾಡುವುದು ಈ ಶಿಬಿರದ ವಾಡಿಕೆ. ಇಂದು ನಾನು ಮಾತನಾಡಲಿರುವುದು ಲಕ್ಷದ್ವೀಪದ ಹವಳದ ದಿಬ್ಬಗಳ ಬಗ್ಗೆ. ಬೆಟ್ಟದ ಮೇಲೆ ಕುಳಿತವರಿಗೆ ಕಡಲ ತಳದ ಮಾತೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ. ನಮ್ಮ ಕಾಲ ಕೆಳಗಿನ ಬೆಟ್ಟ ನಮಗೆ ದೊರೆತ ಆಸ್ತಿ. ಅದನ್ನು ಕೆಡಿಸದಿದ್ದರೆ ಸಾಕು, ಅದು ಇರುತ್ತದೆ. ಆದರೆ ಪ್ರತಿನಿತ್ಯ ಕಟ್ಟುತ್ತಲೇ ಇರದಿದ್ದರೆ ಉಳಿಯದ ನೆಲವೂ ಈ ಭೂಮಿಯ ಮೇಲಿದೆ. ಆ ನೆಲವನ್ನು ಕಟ್ಟುವ ಕೂಲಿಗಳು ಸಾಸಿವೆಗಿಂತ ತುಸು ದೊಡ್ಡದಾದ ಪ್ರಾಣಿಗಳು. ಅವು ಕಟ್ಟುವುದನ್ನು ನಿಲ್ಲಿಸಿದರೆ ಅರವತ್ತು ಸಾವಿರಕ್ಕೂ ಹೆಚ್ಚು ಜನರ ಊರು, ಮನೆ, ಬಾವಿಗಳ ಗತಿಯೇನು ಎಂಬುದೇ ಇಂದಿನ ಮಾತಿನ ತಿರುಳು.

ಒಂದೇ ಬೆಂಕಿಯ ಮಕ್ಕಳು

ಲಕ್ಷದ್ವೀಪ ನಮಗೆ ತೀರ ಪರಕೀಯವಲ್ಲ. ಸಹ್ಯಾದ್ರಿಯ ಉತ್ತರ ಭಾಗವನ್ನೂ ದಖ್ಖನ್ ಪ್ರಸ್ಥಭೂಮಿಯನ್ನೂ ಆವರಿಸಿರುವ ಕಪ್ಪುಕಲ್ಲನ್ನು ನೀವು ಬಲ್ಲಿರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸ ಆರಿ ಆ ಕಲ್ಲಾಯಿತು. ಭಾರತದ ಭೂಫಲಕವು ಉತ್ತರಕ್ಕೆ ಸರಿಯುತ್ತ ಹೋದಂತೆ ಅದೇ ಬಿಸಿಸೆಲೆ ಕಡಲ ತಳದಲ್ಲಿ ಒಂದು ಉದ್ದನೆಯ ಪರ್ವತಸಾಲನ್ನು ನಿರ್ಮಿಸಿತು. ಇಂದು ಆ ಬಿಸಿಸೆಲೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ದ್ವೀಪಗಳು ಆ ಮುಳುಗಿದ ಪರ್ವತಸಾಲಿನ ನೆತ್ತಿಯ ಮೇಲಿವೆ.

ಬೆಟ್ಟ ಮುಳುಗಿದ ಮೇಲೆ ದ್ವೀಪ ಉಳಿದದ್ದು ಹೇಗೆ? ಈ ಒಗಟನ್ನು ಬಿಡಿಸಿದವನು ಚಾರ್ಲ್ಸ್ ಡಾರ್ವಿನ್. ಜ್ವಾಲಾಮುಖಿಯಿಂದ ಹುಟ್ಟಿದ ಬೆಟ್ಟದ ಸುತ್ತ, ಬಿಸಿಲು ತಲುಪುವ ಆಳದಲ್ಲಿ, ಹವಳ ಬೆಳೆಯುತ್ತದೆ. ಬೆಟ್ಟ ನಿಧಾನವಾಗಿ ಕುಸಿಯುತ್ತದೆ. ಹವಳ ಬೆಳಕನ್ನು ಅರಸಿ ಮೇಲಕ್ಕೆ ಕಟ್ಟುತ್ತ ಹೋಗುತ್ತದೆ. ಕೊನೆಗೆ ಬೆಟ್ಟ ಕಾಣೆಯಾಗಿ ಹವಳದ ಉಂಗುರವೊಂದೇ ಉಳಿಯುತ್ತದೆ. ಅದರ ನಡುವೆ ಲಗೂನು ಎಂದು ಕರೆಯುವ ಆಳವಿಲ್ಲದ ತಿಳಿಗೊಳ ಇರುತ್ತದೆ. 1842ರಲ್ಲಿ ಡಾರ್ವಿನ್ ಪ್ರಕಟಿಸಿದ ಈ ವಿವರಣೆಯನ್ನು ಮುಂದೆ ಪೆಸಿಫಿಕ್ ಸಾಗರದ ಹವಳದ್ವೀಪಗಳಲ್ಲಿ ಆಳವಾಗಿ ಕೊರೆದು ನೋಡಿದ ಭೂವಿಜ್ಞಾನಿಗಳು ದೃಢಪಡಿಸಿದರು. ಹವಳದ ಸುಣ್ಣದ ಪದರಗಳ ಅಡಿಯಲ್ಲಿ ಅವರಿಗೆ ಕಪ್ಪುಕಲ್ಲೇ ಸಿಕ್ಕಿತು.

ಹಾಗಾದರೆ ನಮ್ಮ ಕರಾವಳಿಯ ಅಂಚಿನಲ್ಲೇ ಅಂತಹ ದೊಡ್ಡ ದಿಬ್ಬಗಳು ಏಕಿಲ್ಲ? ಇದಕ್ಕೆ ಮುಖ್ಯ ಕಾರಣ ನಮ್ಮ ಹೊಳೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಮಳೆಗಾಲದಲ್ಲಿ ಅಪಾರವಾದ ಸಿಹಿನೀರನ್ನೂ ಕೆಸರನ್ನೂ ಕಡಲಿಗೆ ಒಯ್ಯುತ್ತವೆ. ಆ ಕೆಸರು ಅಳಿವೆಯ ಮೀನು, ಸಿಗಡಿ, ಚಿಪ್ಪುಗಳಿಗೆ ಅನ್ನ. ಹವಳಕ್ಕೆ ಮಾತ್ರ ಅದು ಉಸಿರುಗಟ್ಟಿಸುವ ಹೊದಿಕೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಂಡೆಗಳ ಮೇಲೆ ಹವಳದ ಗುಂಪುಗಳಿವೆ. ದಡದಿಂದ ದೂರವಿರುವ ಕಾರಣ ಅಲ್ಲಿ ನೀರು ತಿಳಿಯಾಗಿದೆ. ಬೆಟ್ಟದ ಮಣ್ಣಿಗೂ ಹವಳಕ್ಕೂ ಇರುವ ಸಂಬಂಧವನ್ನು ತಿಳಿಯಲು ಇದಕ್ಕಿಂತ ಹತ್ತಿರದ ಪಾಠ ನಮಗಿಲ್ಲ.

ಹವಳವೆಂಬ ಕೂಡುಕುಟುಂಬ

ಹವಳ ಗಿಡವಲ್ಲ, ಕಲ್ಲೂ ಅಲ್ಲ. ಅದು ಪ್ರಾಣಿ. ಮೃದುವಾದ ದೇಹ, ಒಂದು ಬಾಯಿ, ಬಾಯಿಯ ಸುತ್ತ ಕಿರುಬೆರಳುಗಳಂತಹ ಸ್ಪರ್ಶಕಗಳು, ಇಷ್ಟೇ ಅದರ ರೂಪ. ಕಡಲ ನೀರಿನಿಂದ ಸುಣ್ಣವನ್ನು ಹೀರಿ ಅದು ತನ್ನ ಅಡಿಯಲ್ಲಿ ಗಟ್ಟಿಯಾದ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಹೀಗೆ ಸಾವಿರಾರು ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಒಂದು ಹವಳದ ಗೂಡಾಗುತ್ತದೆ. ಹಳೆಯ ತಲೆಮಾರು ಬಿಟ್ಟುಹೋದ ಸುಣ್ಣದ ಮೇಲೆ ಹೊಸ ತಲೆಮಾರು ಮನೆ ಕಟ್ಟುತ್ತದೆ. ಗುಂಡುಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಕೊಂಬೆಕೊಂಬೆಯಾಗಿ ಹರಡುವ ಜಾತಿಗಳು ವರ್ಷಕ್ಕೆ ಹತ್ತು ಸೆಂಟಿಮೀಟರ್‌ನಷ್ಟೂ ಬೆಳೆಯಬಲ್ಲವು.

ಈ ಕುಟುಂಬದಲ್ಲಿ ಕಣ್ಣಿಗೆ ಕಾಣದ ಇನ್ನೊಬ್ಬ ಸದಸ್ಯನಿದ್ದಾನೆ. ಹವಳದ ಅಂಗಾಂಶದೊಳಗೆ ಒಂದೇ ಜೀವಕೋಶದ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳ ಅವುಗಳಿಗೆ ಆಸರೆಯನ್ನೂ ಗೊಬ್ಬರವನ್ನೂ ಕೊಡುತ್ತದೆ. ಹವಳದ ಬಣ್ಣದ ಬಹುಭಾಗ ಈ ಪಾಚಿಯದೇ. ಇಂತಹ ದಿಬ್ಬಗಳು ಸಾಗರತಳದ ಶೇಕಡಾ ಒಂದರಷ್ಟನ್ನೂ ಆವರಿಸಿಲ್ಲ. ಆದರೂ ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಅವು ಒಂದಲ್ಲ ಒಂದು ಹಂತದಲ್ಲಿ ಆಶ್ರಯ ನೀಡುತ್ತವೆ. ನಮ್ಮ ಕಾನುಗಳಲ್ಲಿ ಮರ, ಬಳ್ಳಿ, ಅಣಬೆ, ಇರುವೆ, ಮಂಗಟ್ಟೆ ಹಕ್ಕಿಗಳು ಹೆಣೆದುಕೊಂಡಿರುವಂತೆಯೇ ಅಲ್ಲಿಯೂ ಒಂದರ ಬದುಕು ಇನ್ನೊಂದಕ್ಕೆ ಹೆಣೆದಿದೆ. ಗಿಳಿಮೀನು ಎಂಬ ಮೀನನ್ನೇ ನೋಡಿ. ಅದು ಸತ್ತ ಹವಳದ ಮೇಲೆ ಬೆಳೆದ ಪಾಚಿಯನ್ನು ಕೆರೆದು ತಿನ್ನುತ್ತದೆ. ಜೊತೆಗೆ ನುಂಗಿದ ಸುಣ್ಣವನ್ನು ನುಣ್ಣಗೆ ಅರೆದು ಮರಳಾಗಿ ಹೊರಹಾಕುತ್ತದೆ. ದ್ವೀಪದ ಬಿಳಿ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು. ಅದು ಪಾಚಿಯನ್ನು ಮೇಯದಿದ್ದರೆ ಹೊಸ ಹವಳದ ಮರಿಗೆ ಊರಲು ಜಾಗವೇ ಸಿಗುವುದಿಲ್ಲ.

ದಿಬ್ಬ ಮಾಡುವ ಇನ್ನೊಂದು ಕೆಲಸ ಕಾವಲು. ಪ್ರಪಂಚದ ಹಲವೆಡೆಗಳ ಅಳತೆಗಳನ್ನು ಕೂಡಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಹವಳದ ದಿಬ್ಬಗಳು ಅಲೆಗಳ ಶಕ್ತಿಯನ್ನು ಸರಾಸರಿ ಶೇ. 97ರಷ್ಟು ತಗ್ಗಿಸುತ್ತವೆ. ಸಮುದ್ರಮಟ್ಟದಿಂದ ಕೆಲವೇ ಮೀಟರು ಎತ್ತರದ ದ್ವೀಪಕ್ಕೆ ಇದು ಜೀವನ್ಮರಣದ ವಿಷಯ. ಮಳೆನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ತೇಲುತ್ತಿರುತ್ತದೆ. ದ್ವೀಪದ ಬಾವಿಗಳೂ ತೆಂಗಿನ ಮರಗಳೂ ನಂಬಿರುವುದು ಆ ಪದರವನ್ನೇ. ದಡ ಕೊರೆದು ಉಪ್ಪುನೀರು ಒಳನುಗ್ಗಿದರೆ ಬಾವಿ ಕೆಡುತ್ತದೆ.

ಮಂಗಳೂರಿನ ನಂಟು

ಸರ್ಕಾರಿ ಲೆಕ್ಕದಲ್ಲಿ ಲಕ್ಷದ್ವೀಪವೆಂದರೆ 36 ದ್ವೀಪಗಳು, ಒಟ್ಟು 32 ಚದರ ಕಿ.ಮೀ. ನೆಲ. ಜನವಸತಿ ಇರುವುದು 10 ದ್ವೀಪಗಳಲ್ಲಿ. ಲಗೂನುಗಳ ವಿಸ್ತಾರ ಸುಮಾರು 4,200 ಚದರ ಕಿ.ಮೀ. ಅಂದರೆ ಇರುವ ನೆಲಕ್ಕಿಂತ ಅದನ್ನು ಕಾಯುವ ನೀರು ನೂರಕ್ಕೂ ಹೆಚ್ಚು ಪಟ್ಟು ದೊಡ್ಡದು. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473.

ಇವುಗಳಲ್ಲಿ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳನ್ನು ಅಮೀನ್‌ದೀವಿಗಳೆಂದು ಕರೆಯುತ್ತಾರೆ. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ಅಲ್ಲಿನ ಜನ ಟಿಪ್ಪು ಸುಲ್ತಾನನ ಆಶ್ರಯ ಬೇಡಿದರು. ದ್ವೀಪಗಳು ಮೈಸೂರಿನ ಅಧೀನಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕಂಪನಿ ಸರ್ಕಾರಕ್ಕೆ ಸೇರಿದವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರಚನೆಯಾಗುವ ತನಕವೂ ಮಂಗಳೂರಿನ ಆಡಳಿತದಲ್ಲಿದ್ದವು. ದ್ವೀಪದ ತೆಂಗಿನ ನಾರು, ಕೊಬ್ಬರಿಗಳು ಓಡಂ ಎಂಬ ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿದ್ದವು. ಮರಳಿ ಹೋಗುವಾಗ ಅಕ್ಕಿ ಹೋಗುತ್ತಿತ್ತು. ಆ ದೋಣಿಗಳಿಗೆ ಕಬ್ಬಿಣದ ಮೊಳೆಯಿರಲಿಲ್ಲ. ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಆ ಹುರಿಗೆ ಬೇಕಾದ ಸಿಪ್ಪೆಯನ್ನು ತಿಂಗಳುಗಟ್ಟಲೆ ಹೂತು ಕೊಳೆಸುತ್ತಿದ್ದುದು ಲಗೂನಿನ ಮರಳಿನಲ್ಲಿ. ದಿಬ್ಬದ ಮರೆಯಲ್ಲಿ ನೀರು ಶಾಂತವಾಗಿದ್ದರಿಂದಲೇ ಇದು ಸಾಧ್ಯವಾಯಿತು.

ಮಾಲ್ಮಿಗಳೆಂಬ ನಾವಿಕರು ನಕ್ಷತ್ರಗಳನ್ನು ನೋಡಿ ದಾರಿ ಹಿಡಿಯುತ್ತಿದ್ದರು. ಆ ಜ್ಞಾನವನ್ನು ರಹ್ಮಾನಿ ಎಂಬ ಕೈಬರಹದ ಹೊತ್ತಗೆಗಳಲ್ಲಿ ಬರೆದಿಡುತ್ತಿದ್ದರು. ಉತ್ತರದ ದ್ವೀಪಗಳ ಆಡುಮಾತು ಮಲಯಾಳದ ಒಂದು ಬಗೆ. ದಕ್ಷಿಣದ ಮಿನಿಕಾಯ್ ಜನರ ನುಡಿ ಮಾಲ್ಡೀವ್ಸಿನ ಧಿವೆಹಿಗೆ ಸೇರಿದ ಮಹಲ್. ಅಲ್ಲಿ ಪ್ರತಿ ಊರಿಗೂ ಎಲ್ಲರೂ ಸೇರುವ ಒಂದು ಮನೆ, ಊರಿಗೊಬ್ಬ ಹಿರಿಯ, ಸಾಮೂಹಿಕ ಕೆಲಸಕ್ಕೆ ಊರಿನದೇ ಕಟ್ಟಳೆ ಇದೆ. ನಮ್ಮ ಬೆಟ್ಟ, ಗೋಮಾಳ, ಕೆರೆಗಳಿಗೆ ಊರಕಟ್ಟು ಇದ್ದಂತೆಯೇ ಅಲ್ಲಿ ದೋಣಿಗೂ ಲಗೂನಿಗೂ ಊರಕಟ್ಟಿತ್ತು.

ಗಾಳ ಕಾಯ್ದ ದಿಬ್ಬ

ದ್ವೀಪದ ಮೀನುಗಾರಿಕೆಯ ಕ್ರಮವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮಿನಿಕಾಯ್‌ನಲ್ಲಿ ಶತಮಾನಗಳಿಂದ ನಡೆದುಬಂದದ್ದು ಕೋಲುಗಾಳದ ಟ್ಯೂನಾ ಮೀನುಗಾರಿಕೆ. ಮೊದಲು ಲಗೂನಿನಲ್ಲಿ ಬೆರಳುದ್ದದ ಮೀನುಗಳನ್ನು ಹಿಡಿದು ದೋಣಿಯ ನೀರಿನಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ತೆರೆದ ಕಡಲಿನಲ್ಲಿ ಟ್ಯೂನಾ ಹಿಂಡು ಕಂಡೊಡನೆ ಅವನ್ನು ಎರಚುತ್ತಾರೆ. ಹಿಂಡು ಮೇಲೆದ್ದಾಗ ಸಾಲಾಗಿ ನಿಂತವರು ಕೋಲುಗಾಳದಿಂದ ಒಂದೊಂದೇ ಮೀನನ್ನು ಎತ್ತುತ್ತಾರೆ. ಬಲೆಯಿಲ್ಲ, ತಳವನ್ನು ಕೆರೆಯುವುದಿಲ್ಲ, ಬೇಡದ ಜೀವಿಗಳ ಮಾರಣಹೋಮವಿಲ್ಲ. ಹಿಡಿದ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೊಣಗಿಸಿ ಮಾಸ್ ಎಂಬ ಒಣಮೀನು ಮಾಡುತ್ತಾರೆ. 1960ರ ದಶಕದಿಂದ ಮೀನುಗಾರಿಕೆ ಇಲಾಖೆ ಯಂತ್ರದೋಣಿಗಳೊಂದಿಗೆ ಈ ವಿದ್ಯೆಯನ್ನು ಇತರ ದ್ವೀಪಗಳಿಗೂ ಹರಡಿತು.

ಇದರಿಂದ ಯಾರೂ ಉದ್ದೇಶಿಸದ ಒಂದು ಉಪಕಾರವಾಯಿತು. ಜನರ ದುಡಿಮೆ ಹೊರಗಡಲಿನ ಟ್ಯೂನಾದತ್ತ ಹೊರಳಿದ್ದರಿಂದ ದಿಬ್ಬದ ಮೀನುಗಳ ಮೇಲಿನ ಒತ್ತಡ ಕಡಿಮೆಯಾಯಿತು. ಗಿಳಿಮೀನಿನಂತಹ ಪಾಚಿ ಮೇಯುವ ಮೀನುಗಳು ಹೇರಳವಾಗಿ ಉಳಿದವು. 1998ರಲ್ಲಿ ಕಡಲು ಕಾದು ಹವಳ ಸಾಮೂಹಿಕವಾಗಿ ಸತ್ತಾಗ ದಿಬ್ಬವನ್ನು ಪಾಚಿ ನುಂಗದಂತೆ ತಡೆದದ್ದು ಈ ಮೀನುಗಳೇ. ಮುಂದಿನ ವರ್ಷಗಳಲ್ಲಿ ಹಲವು ದಿಬ್ಬಗಳು ಗಮನಾರ್ಹವಾಗಿ ಚೇತರಿಸಿಕೊಂಡವು. ಅಲ್ಲಿ ದೀರ್ಘಕಾಲದಿಂದ ಅಧ್ಯಯನ ನಡೆಸುತ್ತಿರುವ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಈ ಅಂಶವನ್ನು ಒತ್ತಿ ಹೇಳಿದ್ದಾರೆ. ದಿಬ್ಬವನ್ನು ಉಳಿಸಿದ್ದು ಬೇಲಿಯಲ್ಲ, ಒಂದು ಬದುಕಿನ ಕ್ರಮ.

ಕಡಲಿಗೆ ಜ್ವರ

ಹವಳ ಬದುಕುವ ಉಷ್ಣತೆಯ ಮಿತಿ ಬಹಳ ಕಿರಿದು. ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಕೇವಲ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ, ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಬಣ್ಣ ಹೋಗಿ ಸುಣ್ಣದ ಬಿಳುಪು ಕಾಣುತ್ತದೆ. ಇದನ್ನೇ ಹವಳದ ಬಿಳುಚುವಿಕೆ ಎನ್ನುತ್ತಾರೆ. ಬಿಳುಚಿದ ಹವಳ ಆಗಲೇ ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರುತ್ತದೆ. ತಣಿಯದಿದ್ದರೆ ಸಾವು.

ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಇಂತಹ ದೊಡ್ಡ ಆಘಾತಗಳಾದವು. 2023ರ ಕೊನೆಯಿಂದ ಬೀಸಿದ ಕಡಲ ಬಿಸಿಯಲೆಯಿಂದ 2024ರಲ್ಲಿ ಮತ್ತೊಮ್ಮೆ ವ್ಯಾಪಕವಾಗಿ ಹವಳ ಬಿಳುಚಿತು. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ 24 ವರ್ಷ ನಡೆಸಿದ ಅಳತೆಗಳ ವಿಶ್ಲೇಷಣೆ 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 1998ಕ್ಕೆ ಹೋಲಿಸಿದರೆ 2022ರ ಹೊತ್ತಿಗೆ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿತ್ತು. ದಿಬ್ಬ ಗಣನೀಯವಾಗಿ ಚೇತರಿಸಿಕೊಳ್ಳಬೇಕಾದರೆ ಬಿಸಿಯ ಆಘಾತವಿಲ್ಲದ ಆರು ವರ್ಷಗಳ ಬಿಡುವಾದರೂ ಬೇಕೆಂದು ಅದೇ ಅಧ್ಯಯನ ಹೇಳುತ್ತದೆ. ಆ ಬಿಡುವೇ ಈಗ ದುರ್ಲಭವಾಗುತ್ತಿದೆ. ಕೊಯ್ದ ಸೊಪ್ಪು ಚಿಗುರುವ ಮೊದಲೇ ಮತ್ತೆ ಮತ್ತೆ ಕೊಯ್ದರೆ ಬೆಟ್ಟ ಬೋಳಾಗುವುದನ್ನು ನಾವು ಕಣ್ಣಾರೆ ಕಂಡವರು. ಅಲ್ಲಿ ನಡೆಯುತ್ತಿರುವುದೂ ಅದೇ.

ಜೀವಂತ ಹವಳ ಕಡಿಮೆಯಾದರೆ ದಿಬ್ಬದ ಆಯವ್ಯಯ ತಲೆಕೆಳಗಾಗುತ್ತದೆ. ಅಲೆ, ಕೊರೆಯುವ ಜೀವಿಗಳು, ಬಿರುಗಾಳಿ ಇವು ದಿನವೂ ದಿಬ್ಬವನ್ನು ಸವೆಸುತ್ತವೆ. ಕಟ್ಟುವವರು ಕಡಿಮೆಯಾದಾಗ ಸವೆತವೇ ಮೇಲಾಗುತ್ತದೆ. ಇತ್ತ ಸಮುದ್ರಮಟ್ಟ ಏರುತ್ತಲೇ ಇದೆ. ಬಂಗಾರಂ ಬಳಿಯ ಪರಳಿ 1 ಎಂಬ ನಿರ್ಜನ ಕಿರುದ್ವೀಪ 1968ರಲ್ಲಿ 0.032 ಚದರ ಕಿ.ಮೀ. ಇತ್ತು. ಅದು ಪೂರ್ತಿಯಾಗಿ ಸವೆದುಹೋಗಿದೆ ಎಂದು 2017ರಲ್ಲಿ ಸಂಶೋಧಕರು ವರದಿ ಮಾಡಿದರು. ಜನವಸತಿಯ ದ್ವೀಪಗಳ ದಡದಲ್ಲಿ ಕಾಂಕ್ರೀಟಿನ ಟೆಟ್ರಾಪಾಡುಗಳನ್ನು ರಾಶಿ ಹಾಕಲಾಗಿದೆ. ಅವು ಒಂದೆಡೆ ಅಲೆ ತಡೆಯಬಹುದು. ಆದರೆ ಕಾಂಕ್ರೀಟು ತಾನಾಗಿ ಬೆಳೆಯುವುದಿಲ್ಲ, ಮರಳು ಹುಟ್ಟಿಸುವುದಿಲ್ಲ, ಮೀನಿಗೆ ಮನೆಯಾಗುವುದಿಲ್ಲ.

ಸಂರಕ್ಷಣೆ ಎಂದರೇನು?

ಕಾನೂನುಗಳು ಇಲ್ಲವೆಂದಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಹವಳದ ತುಂಡನ್ನು ನೆನಪಿನ ಕಾಣಿಕೆಯಾಗಿ ತರುವುದೂ ಅಪರಾಧ. 2011ರಲ್ಲಿ ದ್ವೀಪಗಳಿಗಾಗಿಯೇ ಪ್ರತ್ಯೇಕ ಸಂರಕ್ಷಣಾ ವಲಯದ ಅಧಿಸೂಚನೆ ಬಂತು. ಕಳ್ಳಸಾಗಣೆಗೆ ಬಲಿಯಾಗುತ್ತಿದ್ದ ಕಡಲಸೌತೆ ಎಂಬ ಜೀವಿಗಾಗಿ 2020ರಲ್ಲಿ ಚೆರಿಯಪಾಣಿಯ ಸುತ್ತ 239 ಚದರ ಕಿ.ಮೀ. ಮೀಸಲು ಪ್ರದೇಶ ಘೋಷಣೆಯಾಯಿತು. ಇವೆಲ್ಲ ಬೇಕು. ಆದರೆ ಇಷ್ಟೇ ಸಾಲದು ಎಂಬುದಕ್ಕೆ ಅಗತ್ತಿಯ ಕಡಲಾಮೆಯ ಪ್ರಕರಣವನ್ನು ನೋಡಬೇಕು.

ಹಿಂದೆ ದ್ವೀಪದ ಜನ ಆಮೆಯ ಎಣ್ಣೆಯನ್ನು ದೋಣಿಗಳಿಗೆ ಬಳಿಯುತ್ತಿದ್ದರು. ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಅಗತ್ತಿಯ ಲಗೂನಿನಲ್ಲಿ ಹಸಿರು ಕಡಲಾಮೆಗಳು ಬಹಳವಾಗಿ ನೆರೆದು ಕಡಲಹುಲ್ಲನ್ನು ಬುಡಮಟ್ಟ ಮೇಯ್ದುಬಿಟ್ಟವು. ಹುಲ್ಲುಗಾವಲು ಹೋದಂತೆ ಅಲ್ಲಿ ಬೆಳೆಯುತ್ತಿದ್ದ ಮೀನುಗಳೂ ಕಡಿಮೆಯಾದವು. ಲಗೂನಿನ ಮೀನನ್ನು ನಂಬಿದ್ದ ಕುಟುಂಬಗಳು ಆಮೆಯನ್ನು ವೈರಿಯಂತೆ ಕಂಡವು. ಆನೆ, ಕಾಟಿ, ಮಂಗಗಳಿಂದ ತೋಟ ಕಳೆದುಕೊಂಡವರು ಈ ಸಭೆಯಲ್ಲಿ ಹಲವರಿದ್ದೀರಿ. ಅವರ ಸಂಕಟವನ್ನು ನಿಮಗೆ ವಿವರಿಸಬೇಕಿಲ್ಲ. ಒಂದು ಜೀವಿಯನ್ನು ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸಂರಕ್ಷಣೆಯಲ್ಲ. ಅದರ ಜೊತೆ ಬದುಕುವವರ ನಷ್ಟವನ್ನೂ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗಲೇ ಅದು ಸಂರಕ್ಷಣೆ.

ಈಚಿನ ವರ್ಷಗಳಲ್ಲಿ ಮಾರುಕಟ್ಟೆಗಾಗಿ ದಿಬ್ಬದ ಮೀನುಗಳನ್ನೇ ಹಿಡಿಯುವುದು ಹೆಚ್ಚುತ್ತಿದೆ. ದಿಬ್ಬವನ್ನು ಕಾಯುತ್ತಿದ್ದ ಹಳೆಯ ಸಮತೋಲನ ಇದರಿಂದ ಸಡಿಲಗೊಳ್ಳುತ್ತಿದೆ. ಇನ್ನೊಂದೆಡೆ ಅಭಿವೃದ್ಧಿಯ ಹೆಸರಿನ ಒತ್ತಡ. ಮಿನಿಕಾಯ್, ಕದ್ಮತ್, ಸುಹೇಲಿಗಳಲ್ಲಿ ಲಗೂನಿನ ನೀರಿನ ಮೇಲೆಯೇ ವಿಹಾರಗೃಹಗಳನ್ನು ಕಟ್ಟುವ ಯೋಜನೆಗಳು ರೂಪುಗೊಂಡಿವೆ. 2021ರಲ್ಲಿ ಪ್ರಕಟವಾದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಾವಳಿ ಜನರ ಭೂಮಿಯ ಮೇಲೆ ಆಡಳಿತಕ್ಕೆ ವ್ಯಾಪಕ ಅಧಿಕಾರ ಕೊಡುವಂತಿತ್ತು. ಆ ವರ್ಷದ ಜೂನ್ 7ರಂದು ದ್ವೀಪವಾಸಿಗಳು ತಮ್ಮ ತಮ್ಮ ಮನೆಗಳಲ್ಲೇ 12 ಗಂಟೆಗಳ ಉಪವಾಸ ಕೈಗೊಂಡು ಅದನ್ನು ವಿರೋಧಿಸಿದರು. 2025ರ ಜುಲೈನಲ್ಲಿ ಬಿತ್ರಾ ದ್ವೀಪದ ಸಮಸ್ತ ಭೂಮಿಯನ್ನು ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾವದ ಮೇಲೆ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಧಿಸೂಚನೆ ಹೊರಟಿತು. ಬಿತ್ರಾದ ನೆಲ ಹತ್ತನೆಯ ಒಂದು ಚದರ ಕಿ.ಮೀ.ಯಷ್ಟು. 2011ರ ಗಣತಿಯಲ್ಲಿ ಅಲ್ಲಿದ್ದವರು 271 ಜನ. ನಾಲ್ಕು ನೂರು ಜನರಿಲ್ಲದ ಊರಿನ ಮಾತಿಗೆ ತೂಕವೆಷ್ಟು ಎಂದು ಕೇಳುವವರಿದ್ದಾರೆ. ಅಣೆಕಟ್ಟಿನ ನೀರಿನಲ್ಲಿ ಊರು ಕಳೆದುಕೊಂಡ ಶರಾವತಿ ಕಣಿವೆಯ ಜನರೂ ಇದೇ ಪ್ರಶ್ನೆಯನ್ನು ಎದುರಿಸಿದವರು. ದೇಶದ ರಕ್ಷಣೆ ಅಗತ್ಯವಲ್ಲವೆಂದು ಯಾರೂ ಹೇಳುತ್ತಿಲ್ಲ. ಆದರೆ ಒಂದು ದಿಬ್ಬವನ್ನು ತಲೆಮಾರುಗಳಿಂದ ಬಲ್ಲವರನ್ನು ಅಲ್ಲಿಂದ ಎಬ್ಬಿಸಿದರೆ, ಹವಳ ಎಂದು ಬಿಳುಚಿತು, ಮೀನು ಎಂದು ಸರಿಯಿತು, ದಡ ಎಲ್ಲಿ ಕೊರೆಯಿತು ಎಂದು ದಿನವೂ ನೋಡುವ ಕಣ್ಣುಗಳೇ ಇಲ್ಲವಾಗುತ್ತವೆ.

ನಮ್ಮ ಪಾಲು

1983ರಲ್ಲಿ ಸಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಕೊಡಲಿ ಕಣ್ಣೆದುರಿಗಿತ್ತು. ಹವಳವನ್ನು ಕಡಿಯುತ್ತಿರುವ ಕೊಡಲಿ ಕಣ್ಣಿಗೆ ಕಾಣುವುದಿಲ್ಲ. ಅದು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳ ಹೊಗೆಯಾಗಿ ಎಲ್ಲ ಊರುಗಳಿಂದಲೂ ಏರುತ್ತಿದೆ. ಆ ಹೊಗೆಯಲ್ಲಿ ದ್ವೀಪದ ಮೀನುಗಾರನ ಪಾಲು ಅತ್ಯಲ್ಪ, ದೊಡ್ಡ ನಗರಗಳ ಪಾಲು ಅಗಾಧ, ನಮ್ಮ ಪಾಲು ನಡುವೆ ಎಲ್ಲೋ ಇದೆ. ಆದ್ದರಿಂದ ಬೆಟ್ಟದ ಕಾಡನ್ನು ಉಳಿಸುವ ನಮ್ಮ ಕೆಲಸವೂ ಕಡಲಿನ ಕೆಲಸವೇ. ಕಾಡು ಇಂಗಾಲವನ್ನು ಹಿಡಿದಿಡುತ್ತದೆ. ಇಳಿಜಾರಿನ ಮಣ್ಣನ್ನು ತಡೆದು ನೇತ್ರಾಣಿಯಂತಹ ತಾಣಗಳ ನೀರನ್ನು ತಿಳಿಯಾಗಿಡಲು ನೆರವಾಗುತ್ತದೆ. ಗುಡ್ಡ ಕಡಿದು ರಸ್ತೆ ಅಗಲಿಸುವಾಗ ಉರುಳಿದ ಮಣ್ಣು ಎಲ್ಲಿಗೆ ಹೋಗುತ್ತದೆಂದು ಕೇಳುವ ಹಕ್ಕು ನಮಗಿದೆ. ಕೇಳಬೇಕಾದದ್ದು ಕರ್ತವ್ಯವೂ ಹೌದು.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ನಿಮ್ಮಲ್ಲಿ ಕೆಲವರು ಮುಂದೆ ನೇತ್ರಾಣಿಗೋ ಲಕ್ಷದ್ವೀಪಕ್ಕೋ ಹೋಗಬಹುದು. ಅಲ್ಲಿ ಹವಳದ ಮೇಲೆ ಕಾಲಿಡಬೇಡಿ, ಚೂರನ್ನೂ ಎತ್ತಿ ತರಬೇಡಿ, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಚಿತ್ರ ತೆಗೆಯುವ ಮೊದಲು ಅಲ್ಲಿನ ಮೀನುಗಾರರೊಡನೆ ಒಂದು ಗಳಿಗೆ ಮಾತನಾಡಿ. ಹಿರಿಯರಲ್ಲಿ ಇನ್ನೊಂದು ವಿನಂತಿ. ದ್ವೀಪದವರ ಅಹವಾಲು ಪತ್ರಿಕೆಯ ಮೂಲೆಯಲ್ಲಿ ಕಂಡಾಗ ಅದು ದೂರದವರ ಜಗಳವೆಂದು ಪುಟ ತಿರುಗಿಸಬೇಡಿ. ನಮ್ಮ ಕಣಿವೆಗಳಿಗೆ ಯೋಜನೆಗಳು ಬಂದಾಗ ದೂರದೂರಿನವರು ನಮ್ಮ ಪರವಾಗಿ ಪತ್ರ ಬರೆದರು, ಸಹಿ ಹಾಕಿದರು. ಆ ಋಣ ನಮ್ಮ ಮೇಲಿದೆ.

ಹವಳದ ಒಂದು ಜೀವಿ ತನ್ನ ಆಯುಷ್ಯದಲ್ಲಿ ಕಟ್ಟುವುದು ಕಣ್ಣಿಗೆ ಕಾಣದಷ್ಟು ಸುಣ್ಣ. ಆದರೂ ಬೆಟ್ಟ ಮುಳುಗಿದ ಮೇಲೂ ನೆಲ ಉಳಿದಿರುವುದು ಅದರಿಂದಲೇ. ಅದು ಕೇಳುತ್ತಿರುವುದು ತಣ್ಣಗಿನ ಕೆಲವು ವರ್ಷಗಳನ್ನು. ಅಷ್ಟನ್ನು ಕೊಡುವ ಶಕ್ತಿ ಮನುಷ್ಯಕುಲಕ್ಕೆ ಇನ್ನೂ ಇದೆ ಎಂಬ ನಂಬಿಕೆಯಿಂದ ನನ್ನ ಮಾತು ಮುಗಿಸುತ್ತೇನೆ.